ಸರ್ವರ್ ಸ್ಲೋ ಅನ್ನುವ ಮುಂಚೆ

(ಎಜ್‌ಬಾಸ್ಟನ್‌ನಲ್ಲಿ ಸೇರಿದ್ದ ನಮ್ಮ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)

ಇಲ್ಲಿ ಐಟಿಯವರೂ ಇದ್ದೀರಿ, ಆಸ್ಪತ್ರೆ, ಗೋದಾಮುಗಳಲ್ಲಿ ದುಡಿಯುವವರೂ ಇದ್ದೀರಿ. ‘ಸರ್ವರ್ ಸ್ಲೋ’ ಅನ್ನೋ ಮಾತು ಮಾತ್ರ ಎಲ್ಲರಿಗೂ ಗೊತ್ತು. 2023ರ ಜೂನ್ 18ರಂದು ಸೇವಾಸಿಂಧು ಪೋರ್ಟಲ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಊರಲ್ಲೂ ಇದೇ ಮಾತು. ಕೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಂತವರಿಗೆ ನಿಧಾನ ಅಂದ್ರೆ ಒಂದು ದಿನದ ಸಂಪಾದನೆ ಹೋದಂತೆ.

ದರ್ಶಿನಿಯಲ್ಲಿ ದೋಸೆ ತಡವಾಯ್ತು ಅಂತಿಟ್ಕೊಳ್ಳಿ. ಟೋಕನ್ ಕೊಡುವಲ್ಲಿ ತಡವೋ, ಹಂಚಿನ ಮುಂದೆಯೋ, ಹಿಟ್ಟು ರುಬ್ಬುವ ಕಡೆಯೋ? ಅದು ತಿಳಿಯದೆ ಅಡುಗೆಯವರನ್ನು ಬೈದು ಪ್ರಯೋಜನವಿಲ್ಲ.

ಸರ್ವರಿಗೂ ಇದೇ ಲೆಕ್ಕ. ಎಂಜಿನ್ಎಕ್ಸ್ ಲಾಗ್‌ನಲ್ಲಿ ಎರಡು ಅಂಕಿ ಬರೆಯುವ ಹಾಗೆ ಮಾಡಿ. ರಿಕ್ವೆಸ್ಟ್ ಟೈಮ್ ಅಂದರೆ ಒಟ್ಟು ಹಿಡಿದ ಹೊತ್ತು. ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ ಅಂದರೆ ಹಿಂದಿರುವ ಅಪ್ಲಿಕೇಶನ್ ಉತ್ತರ ಕೊಡಲು ತೆಗೆದುಕೊಂಡ ಹೊತ್ತು. ಒಟ್ಟು 8 ಸೆಕೆಂಡ್, ಅಪ್ಲಿಕೇಶನ್ನಿನದು 0.2 ಇದ್ದರೆ, ಸಾಮಾನ್ಯವಾಗಿ ತಡ ಬಳಕೆದಾರರ ನೆಟ್‌ವರ್ಕ್ ಕಡೆಯದು. ಎರಡೂ 8 ಇದ್ದರೆ ಅಪ್ಲಿಕೇಶನ್ ಅಥವಾ ಡೇಟಾಬೇಸ್ ಕಡೆ ತಿರುಗಿ.

ಸರಾಸರಿಯನ್ನು ಮಾತ್ರ ನಂಬಬೇಡಿ. ನೂರು ರಿಕ್ವೆಸ್ಟ್‌ಗಳಲ್ಲಿ 98ಕ್ಕೆ ತಲಾ 0.1 ಸೆಕೆಂಡ್, ಉಳಿದೆರಡಕ್ಕೆ ತಲಾ 30 ಸೆಕೆಂಡ್ ಹಿಡಿದರೆ ಸರಾಸರಿ ಸುಮಾರು 0.7. ಡ್ಯಾಶ್‌ಬೋರ್ಡ್ ಹಸಿರು! 30 ಸೆಕೆಂಡ್ ಕಾದವರು ಅದರಲ್ಲಿ ಕಾಣೋದೇ ಇಲ್ಲ. 99ನೇ ಪರ್ಸೆಂಟೈಲ್ ನೋಡಿದರೆ ಕಾಣ್ತಾರೆ. ಆ ಎರಡು ಬೇರೆಯವರನ್ನೂ ಕೆಡಿಸುತ್ತವೆ. ಹತ್ತು ವರ್ಕರ್‌ಗಳಿದ್ದು ಹತ್ತೂ ಇಂಥ ಕೆಲಸದಲ್ಲಿ ಸಿಕ್ಕಿಕೊಂಡರೆ, 0.1 ಸೆಕೆಂಡಿನ ಕೆಲಸವೂ ಸಾಲಿನಲ್ಲಿ ನಿಲ್ಲಬೇಕು.

ಡೇಟಾಬೇಸ್ ಮೇಲೆ ಅನುಮಾನ ಬಂದರೆ, ಮೈಎಸ್‌ಕ್ಯೂಎಲ್‌ನಲ್ಲಿ ಸ್ಲೋ ಕ್ವೆರಿ ಲಾಗ್ ಇದೆ. ಅದು ತಾನಾಗಿ ಆನ್ ಆಗಿರಲ್ಲ. ಆನ್ ಮಾಡಿದರೂ 10 ಸೆಕೆಂಡ್ ಮೀರಿದ್ದನ್ನಷ್ಟೇ ಬರೆಯುತ್ತೆ. 1 ಸೆಕೆಂಡಿಗೆ ಇಳಿಸಿ. ಸಿಕ್ಕ ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್’ ಹಾಕಿ. ಒಂದು ಸಾಲಿಗಾಗಿ ಇಡೀ ಟೇಬಲ್ ಓದುತ್ತಿದ್ದರೆ ಸರಿಯಾದ ಇಂಡೆಕ್ಸ್ ಇಲ್ಲ ಅಂತ ಅನುಮಾನಿಸಿ. ಹಾಗಂತ ಎಲ್ಲ ಕಾಲಮ್ಮಿಗೂ ಇಂಡೆಕ್ಸ್ ಹಾಕಬೇಡಿ, ಬರೆಯುವ ಕೆಲಸ ನಿಧಾನವಾಗುತ್ತೆ.

ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಲ್ವಾ ಅಂತೀರಿ. ಸಾಲು ಖಾಲಿಯಾಗುತ್ತೆ, ಜೊತೆಗೆ ಸುಳಿವೂ ಅಳಿಸಿಹೋಗುತ್ತೆ. ಮೊದಲು ಯಾವ ಕ್ವೆರಿಗಳು ಓಡ್ತಿವೆ ಅಂತ ‘ಶೋ ಪ್ರೊಸೆಸ್‌ಲಿಸ್ಟ್’ ಕೊಟ್ಟು ಉಳಿಸಿಕೊಳ್ಳಿ, ಆಮೇಲೆ ರೀಸ್ಟಾರ್ಟ್.

ದೂರವನ್ನೂ ಮರೆಯಬೇಡಿ. ಇಲ್ಲಿಂದ ಬೆಂಗಳೂರಿಗೆ ಸುಮಾರು 8,000 ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ. ಕೇಬಲ್ ನೇರ ಇದ್ದರೂ ಹೋಗಿಬರಲು 80 ಮಿಲಿಸೆಕೆಂಡ್ ಬೇಕೇ ಬೇಕು. ಒಂದು ಪುಟಕ್ಕೆ ಒಂದರ ಹಿಂದೊಂದು ಐವತ್ತು ಸಲ ಹೋಗಿಬಂದರೆ, ಯಾವ ಸರ್ವರ್ ಕೊಂಡರೂ 4 ಸೆಕೆಂಡ್ ತಪ್ಪಿದ್ದಲ್ಲ.

ಕೊನೆಯದಾಗಿ ಒಂದು ಕೋರಿಕೆ. ಚಳಿಗಾಲದಲ್ಲಿ ನಾವು ಸಂಜೆ 5ಕ್ಕೆ ‘ಸರ್ವರ್ ಸ್ಲೋ’ ಅಂತ ಟಿಕೆಟ್ ಹಾಕಿ ಮನೆಗೆ ಹೊರಟಾಗ ಬೆಂಗಳೂರಿನಲ್ಲಿ ರಾತ್ರಿ ಹತ್ತೂವರೆ. ಅದನ್ನು ಬಿಡಿಸಲು ಕೂರುವವರು ನಮ್ಮಂಥವರೇ, ಮನೆಮಕ್ಕಳು ಇರುವವರೇ. ಯಾವ ಪುಟ, ಯುಟಿಸಿ ಪ್ರಕಾರ ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡ್, ಲಾಗ್‌ನ ಆ ಎರಡು ಅಂಕಿ ಏನು ಹೇಳ್ತಿವೆ, ಇಷ್ಟು ಬರೆದು ಕಳಿಸಿ. ನಮಗೆ ಐದು ನಿಮಿಷದ ಕೆಲಸ, ಅವರಿಗೆ ಅರ್ಧ ರಾತ್ರಿಯ ನಿದ್ದೆ.