ಪುರಸಭೆಯ ಆಯವ್ಯಯವೂ ಪೌರರ ಹೊಣೆಯೂ

ಊರಿನ ಹಣವೆಂದರೆ ಯಾರ ಹಣ? ಕಂದಾಯ ತೆತ್ತವರ ಹಣವೆಂದು ನಾವೆಲ್ಲರೂ ಒಡನೆಯೇ ಉತ್ತರ ಹೇಳುತ್ತೇವೆ. ಆದರೆ ನಮ್ಮ ಚಿಕ್ಕ ಊರುಗಳ ಜಮಾಖರ್ಚನ್ನು ಒಮ್ಮೆ ತೆರೆದು ನೋಡಿದರೆ, ಈ ಉತ್ತರವು ಅರ್ಧ ಮಾತ್ರ ಸತ್ಯವೆಂದು ತಿಳಿಯುವುದು. ಮನೆಗಂದಾಯ, ನೀರಿನ ಕರ, ಮಳಿಗೆಗಳ ಬಾಡಿಗೆ ಇವೆಲ್ಲ ಕೂಡಿದರೂ ಊರಿನ ಖರ್ಚಿಗೆ ಸಾಲದು. ಉಳಿದುದನ್ನು ಸರ್ಕಾರದ ಸಹಾಯದ್ರವ್ಯವೇ ತುಂಬಬೇಕು.

ಇದು ಅವಮಾನದ ಸಂಗತಿಯೇನೂ ಅಲ್ಲ. ವ್ಯಾಪಾರದೊಡನೆ ಬೆಳೆಯತಕ್ಕ ತೆರಿಗೆಗಳೆಲ್ಲ ಮೇಲಿನ ಸರ್ಕಾರಗಳ ಕೈಯಲ್ಲಿವೆ. ಊರಬಾಗಿಲಲ್ಲಿ ವಸೂಲಾಗುತ್ತಿದ್ದ ಆಕ್ಟ್ರಾಯ್ ಸುಂಕವೂ ಕರ್ನಾಟಕದಲ್ಲಿ 1979ರಲ್ಲಿ ರದ್ದಾಯಿತು. ಆದುದರಿಂದ ಸಹಾಯವು ದಾನವಲ್ಲ, ನ್ಯಾಯವಾದ ಪಾಲು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಇದನ್ನು ಒಪ್ಪಿಕೊಂಡು, ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗವು ಈ ಪಾಲನ್ನು ವಿಚಾರಿಸಬೇಕೆಂದು ವಿಧಿಸಿದೆ.

ಆದರೆ ಕೊಡುವವರು ಷರತ್ತನ್ನೂ ವಿಧಿಸುತ್ತಾರೆ. ರಾಜ್ಯದಿಂದ ಬರುವ ಹಣದಲ್ಲಿ ಒಂದು ಭಾಗ ನೌಕರರ ವೇತನಕ್ಕೆ, ಇನ್ನೊಂದು ಭಾಗ ವಿದ್ಯುತ್ತಿಗೆ ಮೊದಲೇ ಮೀಸಲಾಗಿರುತ್ತದೆ. ಹದಿನೈದನೆಯ ಹಣಕಾಸು ಆಯೋಗವೂ 2021ರಿಂದ 2026ರ ವರೆಗಿನ ಅವಧಿಗೆ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಸಲ್ಲುವ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ನೀರು ನೈರ್ಮಲ್ಯಗಳಿಗೆಂದು ಕಟ್ಟಿಹಾಕಿತು. ಹೀಗೆ ಸದಸ್ಯರು ತಮ್ಮ ವಿವೇಕದಂತೆ ಹಂಚಬಹುದಾದ ಹಣವು ಸ್ವಲ್ಪವೇ. ಆ ಸ್ವಲ್ಪದ ಮೇಲೆಯೇ ಹೆಚ್ಚಿನ ಬೆಳಕು ಬೀಳಬೇಕು.

ಈಗ ಆಯವ್ಯಯವನ್ನು ಓದುವ ಬಗೆಯನ್ನು ನೋಡೋಣ. ಪ್ರತಿ ವರ್ಷವೂ ಇಂತಿಷ್ಟು ಲಕ್ಷದ ಉಳಿತಾಯ ಬಜೆಟ್ ಮಂಡನೆಯಾಯಿತೆಂಬ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಿ ನಾವು ಸಂತೋಷಪಡುತ್ತೇವೆ. ಈ ಉಳಿತಾಯ ಹೇಗೆ ಬಂತು? ಒಂದು ಊರನ್ನು ಊಹಿಸಿಕೊಳ್ಳೋಣ. ಕಳೆದ ವರ್ಷ ಅಲ್ಲಿ ವಸೂಲಾದ ಮನೆಗಂದಾಯ 60 ಲಕ್ಷ ರೂಪಾಯಿ. ಮುಂದಿನ ವರ್ಷಕ್ಕೆ ಬರೆದ ಅಂದಾಜು ಒಂದು ಕೋಟಿ. ನಡುವಣ 40 ಲಕ್ಷ ಕಾಗದದ ಮೇಲಿನ ಹಣ. ಅದನ್ನು ನಂಬಿ ರಸ್ತೆ, ಚರಂಡಿ, ಉದ್ಯಾನಗಳನ್ನೆಲ್ಲ ಮಂಜೂರು ಮಾಡಬಹುದು. ವರ್ಷಾಂತ್ಯದಲ್ಲಿ ಯಾವುದು ನಿಂತುಹೋಗಬೇಕೆಂಬುದನ್ನು ಮಾತ್ರ ಸಭೆಯು ನಿರ್ಣಯಿಸುವುದಿಲ್ಲ, ಖಾಲಿ ಬೊಕ್ಕಸವು ನಿರ್ಣಯಿಸುತ್ತದೆ. ಸಾಮಾನ್ಯವಾಗಿ ನಿಂತುಹೋಗುವುದು ಕೇಳುವವರಿಲ್ಲದ ಕೇರಿಯ ಕೆಲಸವೇ. ಹಾಸಿಗೆಯನ್ನು ಅಳೆಯದೆ ಕಾಲು ಚಾಚಿದರೆ, ಚಳಿ ಹತ್ತುವುದು ಬಡವನ ಕಾಲಿಗೆ.

ಆದುದರಿಂದ ಅಂದಾಜನ್ನೊಂದನ್ನೇ ನೋಡಬಾರದು. ಕಳೆದ ವರ್ಷದ ವಾಸ್ತವ ಲೆಕ್ಕ, ನಡೆಯುತ್ತಿರುವ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು. ಬಾಕಿ ಉಳಿದ ಕಂದಾಯವೆಷ್ಟು, ಬಾಕಿದಾರರು ಯಾರು ಎಂದು ಕೇಳಬೇಕು. ಯಾವ ವಾರ್ಡಿಗೆ ಎಷ್ಟು ಹಣ ಸಂದಿತೆಂದು ವಿಚಾರಿಸಬೇಕು.

ಇದಕ್ಕೆ ಕಾನೂನಿನ ಬೆಂಬಲವೂ ಉಂಟು. 2005ರ ಮಾಹಿತಿ ಹಕ್ಕಿನ ಅಧಿನಿಯಮದ 4ನೆಯ ಪ್ರಕರಣವು, ಯಾರೂ ಅರ್ಜಿ ಹಾಕದಿದ್ದರೂ ಆಯವ್ಯಯದ ವಿವರಗಳನ್ನು ಸಾರ್ವಜನಿಕ ಕಚೇರಿಗಳು ತಾವಾಗಿ ಪ್ರಕಟಿಸತಕ್ಕದ್ದೆಂದು ಹೇಳುತ್ತದೆ. ಅದಕ್ಕೂ ಮುಂಚೆ, 2002ರಲ್ಲಿಯೇ, ಬೆಂಗಳೂರಿನ ಕೆಲವು ನಾಗರಿಕ ಸಂಸ್ಥೆಗಳು 'ಪ್ರೂಫ್' ಎಂಬ ಹೆಸರಿನಿಂದ ಮಹಾನಗರ ಪಾಲಿಕೆಯ ಲೆಕ್ಕವನ್ನು ಜನರ ಮುಂದೆ ಚರ್ಚೆಗೆ ತರುವ ಪ್ರಯತ್ನ ನಡೆಸಿದುವು.

ಆದರೆ ಪ್ರಕಟಣೆಯೊಂದೇ ಸಾಲದು. ಕೇಳುವ ಸಭೆಯೂ ಇರಬೇಕು. ಬೆಂಗಳೂರಿನ ಮಹಾನಗರ ಪಾಲಿಕೆಯಲ್ಲಿ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ, 2021ರಿಂದ 2025ರ ವರೆಗಿನ ಆಯವ್ಯಯಗಳೆಲ್ಲ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿಯ ಅನುಮೋದನೆಯಿಂದಲೇ ಜಾರಿಗೆ ಬಂದುವು. ಅಧಿಕಾರಿಗಳು ದಕ್ಷರಾಗಿರಬಹುದು. ಆದರೆ ನಮ್ಮ ಬೀದಿಯ ದೀಪ ಏಕೆ ಉರಿಯಲಿಲ್ಲವೆಂದು ತುಂಬಿದ ಸಭೆಯಲ್ಲಿ ಅವರನ್ನು ಕೇಳುವವರು ಯಾರು?

1882ರ ಮೇ 18ರ ತಮ್ಮ ನಿರ್ಣಯದಲ್ಲಿ ಲಾರ್ಡ್ ರಿಪ್ಪನ್ನರು, ಸ್ಥಳೀಯ ಸ್ವಯಮಾಡಳಿತವು ಮುಖ್ಯವಾಗಿ ಜನರಿಗೆ ರಾಜಕೀಯ ಶಿಕ್ಷಣ ಕೊಡುವ ಸಾಧನವೆಂದು ಭಾವಿಸಿದ್ದರು. ಆ ಶಿಕ್ಷಣದ ಮೊದಲ ಪಾಠಪುಸ್ತಕ ಊರಿನ ಆಯವ್ಯಯವೇ. ಸಹಾಯವು ಮೇಲಿನಿಂದ ಬರಲಿ, ನ್ಯಾಯವಾಗಿ ಬರಲಿ. ಲೆಕ್ಕವು ಮಾತ್ರ ಕೆಳಗಿನವರಿಗೂ ಸಲ್ಲಬೇಕು. ಬಜೆಟ್ ಸಭೆಗೆ ಮುಂಚೆ ಒಂದು ಪ್ರತಿಯನ್ನು ತರಿಸಿಕೊಂಡು, ನೆರೆಯ ನಾಲ್ಕು ಜನರೊಡನೆ ಕುಳಿತು ಓದುವುದು ಕಷ್ಟವಾದ ಕೆಲಸವಲ್ಲ. ಪೌರರೆಂಬ ಹೆಸರು ನಮಗೆ ಸಾರ್ಥಕವಾಗುವುದು ಅಂತಹ ಕೆಲಸದಿಂದ.