ಬೇವಿನ ನೆರಳಲ್ಲಿ ನಿಂತ ಕಾರಿಗೆ ಬಿಸಿಲ ಊಟ

ಪುಣೆ, ಮುಂಬೈ ಕಡೆ ಕೆಲಸಕ್ಕೆ ಹೋದವರು ರಜೆಗೆ ಊರಿಗೆ ಬಂದಾಗ ಆಳಂದ, ಅಫಜಲಪುರ, ಜೇವರ್ಗಿಯ ಓಣಿಗಳಲ್ಲಿ ಇಂಥದ್ದೊಂದು ಬೆಳಗು ನೀವೂ ನೋಡಿರಬಹುದು. ಎರಡು ತಿಂಗಳಿಂದ ಬೇವಿನ ಮರದ ಕೆಳಗೆ ನಿಂತಿದ್ದ ಕಾರಿನ ಧೂಳು ಒರೆಸಿ, ಭೀಮಾ-ಅಮರ್ಜಾ ಸಂಗಮಕ್ಕೆ ಹೋಗೋಣವೆಂದು ಮನೆಮಂದಿಯೆಲ್ಲ ಹತ್ತಿ ಕೂತಿರುತ್ತಾರೆ. ಕೀಲಿ ತಿರುವಿದರೆ ‘ಟಕ್... ಟಕ್...’ ಅಷ್ಟೇ.

“ಬ್ಯಾಟರಿ ಡೌನ್ ಆಗ್ಯದ. ಇಳೀರಿ, ದಬ್ಬ್ರಿ” ಅನ್ನುತ್ತಾರೆ ಮುತ್ಯಾ.

“ಮುತ್ಯಾ, ಗಾಡಿ ಸುಮ್ಮನ ನಿಂತಿತ್ತು. ಯಾರೂ ಓಡ್ಸೇ ಇಲ್ಲ. ಮತ್ತ ಬ್ಯಾಟರಿ ಯಾಕ ಖಾಲಿ ಆಯ್ತು?”

ಒಳ್ಳೆಯ ಪ್ರಶ್ನೆ. ಉತ್ತರ ಇರುವುದು ಆ ಕಪ್ಪು ಡಬ್ಬಿಯೊಳಗೆ. ಅದರಲ್ಲಿ ಆರು ಕೋಣೆಗಳಿವೆ. ಒಂದೊಂದು ಕೋಣೆಯಲ್ಲೂ ಸೀಸದ ತಗಡುಗಳು, ನೀರು ಬೆರೆಸಿದ ಗಂಧಕಾಮ್ಲ. ಒಂದು ಕೋಣೆ ಸುಮಾರು 2.1 ವೋಲ್ಟ್ ಕೊಡುತ್ತದೆ; ಆರೂ ಸೇರಿದರೆ 12.6. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ಮಾಡಿದ ಬ್ಯಾಟರಿಯ ಗುಟ್ಟೇ ಇಂದಿಗೂ ನಮ್ಮ ಕಾರು, ಟ್ರ್ಯಾಕ್ಟರ್‌ಗಳಲ್ಲಿದೆ.

ತೊಟ್ಟಿಯಲ್ಲಿ ನೀರು ತುಂಬಿಟ್ಟ ಹಾಗೆ ಬ್ಯಾಟರಿಯಲ್ಲಿ ಕರೆಂಟು ತುಂಬಿಟ್ಟಿರುವುದಿಲ್ಲ. ಕರೆಂಟು ಹೊರಗೆ ಹರಿಯುವಾಗ ಆಮ್ಲವು ಸೀಸದ ಜೊತೆ ಸೇರಿ ತಗಡಿನ ಮೇಲೆ ಬಿಳಿ ಲೇಪ ಕಟ್ಟುತ್ತದೆ. ಅದಕ್ಕೆ ಸೀಸದ ಸಲ್ಫೇಟ್ ಎಂದು ಹೆಸರು. ಚಾರ್ಜ್ ಮಾಡಿದರೆ ಆ ಲೇಪ ಕರಗಿ ತಗಡು ಮೊದಲಿನಂತಾಗುತ್ತದೆ.

ಅವ್ವ ಜೋಳದ ರೊಟ್ಟಿ ಬಡಿದ ಮೇಲೆ ಪರಾತಕ್ಕೆ ಅಂಟಿದ ಹಿಟ್ಟನ್ನು ನೋಡಿದ್ದೀರಲ್ಲ? ಆಗಲೇ ನೀರು ಹಾಕಿದರೆ ಕೈಯಾಡಿಸುವಷ್ಟರಲ್ಲಿ ಹೋಗುತ್ತದೆ. ಮರುದಿನಕ್ಕೆ ಬಿಟ್ಟರೆ ಉಗುರು ಹಾಕಿ ಕೆರೆದರೂ ಬಿಡುವುದಿಲ್ಲ. ಸಲ್ಫೇಟ್ ಕಥೆಯೂ ಅದೇ. ಹೊಸದಾಗಿದ್ದಾಗ ಹರಳುಗಳು ಸಣ್ಣವು, ಬೇಗ ಕರಗುತ್ತವೆ. ಬ್ಯಾಟರಿ ವಾರಗಟ್ಟಲೆ ಇಳಿದ ಸ್ಥಿತಿಯಲ್ಲೇ ಉಳಿದರೆ ಅವು ದಪ್ಪನಾಗಿ, ಗಟ್ಟಿಯಾಗಿ ಕೂತುಬಿಡುತ್ತವೆ. ಬಹಳಷ್ಟು ಬ್ಯಾಟರಿಗಳು ದುಡಿದು ಸಾಯುವುದಿಲ್ಲ, ಹಸಿದು ನಿಂತು ಸಾಯುತ್ತವೆ.

ಸುಮ್ಮನೆ ನಿಂತ ಕಾರಿನಲ್ಲಿ ಕರೆಂಟು ತಿನ್ನುವವರು ಯಾರು? ಗಡಿಯಾರ, ಬಾಗಿಲಿನ ಲಾಕು, ಅಲಾರಂ. ಎಲ್ಲ ಸೇರಿ 20 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ದಿನಕ್ಕೆ 0.48 ಆಂಪಿಯರ್-ಗಂಟೆ ಆಯಿತು. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದ್ದು. ಭಾಗಿಸಿ ನೋಡಿ, ಎಪ್ಪತ್ತು ದಿನಕ್ಕೆ ಹೆಚ್ಚೂಕಡಿಮೆ ಖಾಲಿ! ಇಂಜಿನ್ ತಿರುಗಿಸುವ ಶಕ್ತಿಯಂತೂ ಅದಕ್ಕಿಂತ ಬಹಳ ಮೊದಲೇ ಹೋಗಿರುತ್ತದೆ. ಇದರ ಜೊತೆಗೆ ಬ್ಯಾಟರಿ ತನ್ನೊಳಗೇ ಒಂದಿಷ್ಟು ಸವೆಯುತ್ತದೆ. ಸೆಕೆ ಹತ್ತು ಡಿಗ್ರಿ ಏರಿದರೆ ಆ ಸವೆತ ಸುಮಾರು ಎರಡು ಪಟ್ಟಾಗುತ್ತದೆ. ನಮ್ಮ ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವುದು ನಿಮಗೆ ಗೊತ್ತೇ ಇದೆ.

ಸವೆಸುವ ಆ ಸೂರ್ಯನಿಂದಲೇ ಊಟ ಹಾಕಿಸಿದರೆ ಹೇಗೆ? ಅದಕ್ಕೆ ಬೇಕಾದದ್ದು ನಿಮ್ಮ ಪಾಟಿಯಷ್ಟು ದೊಡ್ಡ, 5 ವಾಟಿನ ಸೋಲಾರ್ ಪ್ಯಾನಲ್. ಇಂಥ ಪ್ಯಾನಲ್‌ಗಳಲ್ಲಿ ಸಾಮಾನ್ಯವಾಗಿ 36 ತುಂಡುಗಳಿರುತ್ತವೆ, ಒಂದೊಂದೂ ಅರ್ಧ ವೋಲ್ಟಿನದು. ಒಳ್ಳೆಯ ಬಿಸಿಲಿಗೆ ಸುಮಾರು 0.3 ಆಂಪಿಯರ್ ಬರುತ್ತದೆ. ಐದು ಗಂಟೆ ಚುರುಕು ಬಿಸಿಲು ಸಿಕ್ಕರೆ 1.5 ಆಂಪಿಯರ್-ಗಂಟೆ. ಕಾರು ತಿಂದದ್ದಕ್ಕಿಂತ ಮೂರು ಪಟ್ಟು!

ಆದರೆ ಪ್ಯಾನಲ್ಲನ್ನು ಬೇವಿನ ನೆರಳಲ್ಲಿ ಇಟ್ಟೀರಿ, ಜೋಕೆ. ಬಾವಿಯಿಂದ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ಒಬ್ಬ ನಿಂತರೆ ಇಡೀ ಸಾಲೇ ನಿಲ್ಲುತ್ತದಲ್ಲ, ಹಾಗೆಯೇ ಒಂದೇ ತುಂಡಿನ ಮೇಲೆ ನಾಲ್ಕು ಎಲೆ ಬಿದ್ದರೂ ಇಡೀ ಪ್ಯಾನಲ್ಲಿನ ಕೆಲಸ ಕುಗ್ಗುತ್ತದೆ. ಕಾರು ನೆರಳಲ್ಲೇ ಇರಲಿ, ಪ್ಯಾನಲ್ಲು ಮಾತ್ರ ವೈರಿನ ಉದ್ದಕ್ಕೆ ಆಚೆ ಬಿಸಿಲಿಗೆ ಬರಲಿ. ಮುಖ ದಕ್ಷಿಣಕ್ಕೆ, ಓರೆ ಸುಮಾರು 17 ಡಿಗ್ರಿ. 17 ಯಾಕೆ ಅಂದರೆ ನಮ್ಮ ಮೂರೂ ತಾಲ್ಲೂಕುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ದೂರದಲ್ಲಿವೆ. ಮೇ ಎರಡನೇ ವಾರದ ಸುಮಾರಿಗೆ ಮಧ್ಯಾಹ್ನ ಅಂಗಳದಲ್ಲಿ ಕೋಲು ನೆಟ್ಟು ನೋಡಿ. ಸೂರ್ಯ ನೆತ್ತಿಯ ಮೇಲೆ ನಿಂತು ಕೋಲಿನ ನೆರಳೇ ಮಾಯವಾಗುವ ದಿನ ಸಿಗುತ್ತದೆ. ಮೊದಲು ಜೇವರ್ಗಿಯಲ್ಲಿ, ಒಂದೆರಡು ದಿನ ಬಿಟ್ಟು ಆಳಂದದಲ್ಲಿ.

ರಾತ್ರಿ ಪ್ಯಾನಲ್ಲಿಗೆ ಬೆಳಕಿಲ್ಲ. ಆಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಸೋರಬಾರದು. ಅದಕ್ಕೇ ವೈರಿನಲ್ಲಿ ಡಯೋಡ್ ಎಂಬ ಪುಟ್ಟ ಕಾವಲುಗಾರ ಇರುತ್ತಾನೆ, ಒಂದೇ ದಿಕ್ಕಿಗೆ ದಾರಿ ಬಿಡುವವನು. ಪ್ಯಾನಲ್ಲು ದೊಡ್ಡದಾದರೆ ಚಾರ್ಜ್ ಕಂಟ್ರೋಲರ್ ಕೂಡ ಬೇಕು. ಬ್ಯಾಟರಿ ತುಂಬಿದ ಮೇಲೆ ಅದೇ ‘ಸಾಕು’ ಅನ್ನುತ್ತದೆ. ಇಲ್ಲದಿದ್ದರೆ ಒಳಗಿನ ನೀರು ಜಲಜನಕ, ಆಮ್ಲಜನಕವಾಗಿ ಹಾರಿಹೋಗುತ್ತದೆ. ಜಲಜನಕಕ್ಕೆ ಒಂದು ಕಿಡಿ ಸಾಕು, ಸಿಡಿಯುತ್ತದೆ. ವೈರು ಜೋಡಿಸುವುದು, ಮುಚ್ಚಳ ತೆಗೆದು ಬ್ಯಾಟರಿ ನೀರು ಹಾಕುವುದು ದೊಡ್ಡವರ ಕೆಲಸ. ಆಮ್ಲ ಕಣ್ಣಿಗೂ ಚರ್ಮಕ್ಕೂ ಅಪಾಯ.

ಹಾಗಾದರೆ ಇವತ್ತು ನಿಂತ ಕಾರಿಗೆ ಪ್ಯಾನಲ್ ಹಚ್ಚಿದರೆ ಇವತ್ತೇ ಹೊರಡಬಹುದೇ? ಇಲ್ಲ. ಇಂಜಿನ್ ಎಬ್ಬಿಸಲು ಒಂದೆರಡು ಸೆಕೆಂಡು 150 ಆಂಪಿಯರ್‌ನಷ್ಟು ಬೇಕಾಗುತ್ತದೆ, ಪ್ಯಾನಲ್ ಕೊಡುವುದರ ಐನೂರು ಪಟ್ಟು. ಪೂರ್ತಿ ಇಳಿದ ಬ್ಯಾಟರಿಯನ್ನು ಈ ಪುಟ್ಟ ಪ್ಯಾನಲ್ಲು ತುಂಬಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಲೇಪ ಇನ್ನೂ ಮೆತ್ತಗಿದ್ದರೆ ಬ್ಯಾಟರಿ ನಿಧಾನಕ್ಕೆ ಚೇತರಿಸಿಕೊಂಡೀತು. ಗಟ್ಟಿಯಾಗಿದ್ದರೆ, ತಗಡು ಮುರಿದಿದ್ದರೆ, ಯಾವ ಬಿಸಿಲೂ ಅದನ್ನು ಎಬ್ಬಿಸಲಾರದು. ನನ್ನ ಮಾತು ಕೇಳುವುದಾದರೆ ಪ್ಯಾನಲ್ಲನ್ನು ಕಾರು ನಿಲ್ಲಿಸಿದ ದಿನವೇ ಹಚ್ಚಬೇಕು, ಕೆಟ್ಟ ದಿನ ಅಲ್ಲ.

ಎಬ್ಬಿಸಲಾಗದ ಬ್ಯಾಟರಿಯನ್ನು ಮಾತ್ರ ಒಡೆಯಬೇಡಿ, ಅದರ ತಗಡಿನ ಜೊತೆ ಆಡಬೇಡಿ. ಸೀಸ ಮಕ್ಕಳ ಮಿದುಳಿಗೆ ವಿಷ. ಹಳೆಯದನ್ನು ಬ್ಯಾಟರಿ ಅಂಗಡಿಗೆ ವಾಪಸು ಕೊಡಲು ಮುತ್ಯಾಗೆ ನೀವೇ ಹೇಳಿ. ಅಲ್ಲಿ ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿಮೆ ಮಾಡುತ್ತಾರೆ. ಆ ಸೀಸ ಕಾರ್ಖಾನೆಯಲ್ಲಿ ಕರಗಿ ಮತ್ತೊಂದು ಬ್ಯಾಟರಿಯ ತಗಡಾಗುತ್ತದೆ.