ಫೋನ್ ತಂತಿಯಲ್ಲಿ ಬಂದ ಇಂಟರ್ನೆಟ್: ನಿಧಾನವಾದಾಗ ಎಲ್ಲಿ ಹುಡುಕುವುದು?



ಮನೆಯ ಫೋನ್ ತಂತಿಯಲ್ಲೇ ಇಂಟರ್ನೆಟ್ ಬರುತ್ತಿದ್ದ ಕಾಲ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಈ ಸೌಲಭ್ಯ ದೊರೆತದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಸಂಸ್ಥೆಯ ಮೂಲಕ. ದೊಡ್ಡ ನಗರಗಳಲ್ಲಿ ಆರಂಭವಾದದ್ದು ಗಡಿಭಾಗದ ನಮ್ಮ ಊರುಗಳನ್ನು ಮುಟ್ಟಲು ವರ್ಷಗಳೇ ಹಿಡಿದವು. ಮುಟ್ಟಿದ ಮೇಲೂ ಎಲ್ಲ ಕಡೆ ಒಂದೇ ದೂರು: ಬಹಳ ನಿಧಾನ. ನಿಧಾನ ಎಂದರೆ ಬೇಸರ ಮಾತ್ರವಲ್ಲ, ಖರ್ಚು ಕೂಡ. ಒಂದು ಪುಟ ತೆರೆಯುವುದು ತಡವಾದಷ್ಟೂ ಫೋನಿನ ಮೀಟರ್ ಓಡುತ್ತಿತ್ತು.

ಡಯಲ್-ಅಪ್ ಈಗ ಬಹುತೇಕ ಮರೆಯಾಗಿದೆ. ಆದರೆ ಅದರ ದೋಷವನ್ನು ಹುಡುಕುತ್ತಿದ್ದ ಕ್ರಮ ಹಳತಾಗಿಲ್ಲ. ಆ ಕ್ರಮವನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು, ಅದು ಕೆಲಸ ಮಾಡುತ್ತಿದ್ದ ಬಗೆ. ಫೋನಿನ ದಾರಿ ಮನುಷ್ಯರ ಮಾತಿಗಾಗಿ ಮಾಡಿದ್ದು. ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸ್ವರಗಳು ಮಾತ್ರ ಅದರಲ್ಲಿ ಸರಿಯಾಗಿ ಸಾಗುತ್ತವೆ. ಕಂಪ್ಯೂಟರಿನ ಅಂಕಿಗಳನ್ನು ಈ ಇಕ್ಕಟ್ಟಿನಲ್ಲಿ ಹಾಯಿಸಬೇಕಾದರೆ ಅವನ್ನು ಸ್ವರಗಳಾಗಿ ಬದಲಿಸಬೇಕು. ಆ ಕೆಲಸ ಮೋಡೆಮ್‌ನದು. ಡಯಲ್ ಮಾಡಿದ ಕೂಡಲೇ ಕೇಳುತ್ತಿದ್ದ ಕೀರಲು ಸದ್ದು ನೆನಪಿದೆಯೇ? ಅದು ಸುಮ್ಮನೆ ಗಲಾಟೆಯಲ್ಲ. ಎರಡೂ ಕಡೆಯ ಮೋಡೆಮ್‌ಗಳು ತಂತಿಯನ್ನು ಪರೀಕ್ಷಿಸಿ, ಎಷ್ಟು ವೇಗದಲ್ಲಿ ಮಾತಾಡೋಣ ಎಂದು ಒಪ್ಪಂದ ಮಾಡಿಕೊಳ್ಳುತ್ತಿದ್ದವು. ತಂತಿಯಲ್ಲಿ ಗೊರಗೊರ ಇದ್ದರೆ ವೇಗ ಕಡಿಮೆ ಮಾಡಿಕೊಳ್ಳುತ್ತಿದ್ದವು. ಕಳಿಸಿದ ಮಾತು ಕೆಟ್ಟು ತಲುಪಿದರೆ ಮತ್ತೆ ಕಳಿಸಬೇಕಾಗುತ್ತಿತ್ತು. ಆದ್ದರಿಂದ ನಿಧಾನವಾದ ಇಂಟರ್ನೆಟ್ ಅನೇಕ ಸಲ ಕಂಪ್ಯೂಟರಿನ ರೋಗವಲ್ಲ. ತಂತಿ ತನ್ನ ಸ್ಥಿತಿಯನ್ನು ತಾನೇ ಹೇಳಿಕೊಳ್ಳುವ ರೀತಿ.

ಎರಡನೆಯದು, ನಿಜವಾಗಿ ನಿಧಾನವೇ ಎಂದು ಲೆಕ್ಕ ಹಾಕುವುದು. ಮೋಡೆಮ್ ಡಬ್ಬಿಯ ಮೇಲೆ 56 ಎಂದು ಬರೆದಿದ್ದರೆ ಅದು ಕಿಲೋಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ ಎಲ್ಲವೂ ಸರಿಯಿದ್ದರೂ ಸೆಕೆಂಡಿಗೆ ಏಳು ಕಿಲೋಬೈಟ್ ಮಾತ್ರ. ಸಂಪರ್ಕ 28.8ಕ್ಕೆ ಸಿಕ್ಕಿದರೆ ಮೂರೂವರೆ ಕಿಲೋಬೈಟ್. ಒಂದು ಮೆಗಾಬೈಟಿನ ಕಡತ ಇಳಿಯಲು ಐದು ನಿಮಿಷದ ಹತ್ತಿರ ಬೇಕು. ಸಂಪರ್ಕ ಯಾವ ವೇಗಕ್ಕೆ ಸಿಕ್ಕಿತು ಎಂಬುದನ್ನು ಕಂಪ್ಯೂಟರ್ ಪರದೆಯ ಮೇಲೆ ತೋರಿಸುತ್ತಿತ್ತು. ಆ ಅಂಕಿಯನ್ನು ದಿನವೂ ಬರೆದಿಟ್ಟವರಿಗೆ ಅರ್ಧ ಉತ್ತರ ಸಿಕ್ಕಂತೆಯೇ.

ಈಗ ಹುಡುಕಾಟ. ಕೊನೆಯ ಗದ್ದೆಗೆ ನೀರು ಬಾರದಿದ್ದರೆ ರೈತ ಮೊದಲು ತನ್ನ ಗದ್ದೆಯ ಬದುವನ್ನು ನೋಡುತ್ತಾನೆ, ಆಮೇಲೆ ಕಾಲುವೆ, ಕೊನೆಗೆ ತೂಬು. ಇಲ್ಲಿಯೂ ಹಾಗೆಯೇ. ಮನೆಯ ಒಳಗಿನಿಂದ ಹೊರಗೆ ಹೋಗಬೇಕು.

ಮೊದಲ ಪರೀಕ್ಷೆ ಕಿವಿಯದು. ರಿಸೀವರ್ ಎತ್ತಿ ಒಂದು ಅಂಕಿ ಒತ್ತಿದರೆ ಡಯಲ್ ಟೋನ್ ನಿಲ್ಲುತ್ತದೆ. ಆ ಕೆಲವು ಕ್ಷಣ ಪೂರ್ಣ ಮೌನ ಇರಬೇಕು. ಪಟಪಟ ಸದ್ದಿದ್ದರೆ ಎಲ್ಲೋ ಒಂದು ಜೋಡಣೆ ಸಡಿಲಾಗಿದೆ ಅಥವಾ ತುಕ್ಕು ಹಿಡಿದಿದೆ. ಒಂದೇ ಸಮನೆ ಗುಂಯ್ ಎಂದರೆ ಎರಡು ತಂತಿಗಳಲ್ಲಿ ಒಂದು ನೆಲಕ್ಕೆ ತಾಗುತ್ತಿರಬಹುದು.

ಎರಡನೆಯ ಪರೀಕ್ಷೆ ಬೇರ್ಪಡಿಸುವುದು. ಮನೆಯಲ್ಲಿರುವ ಎಲ್ಲ ಫೋನುಗಳನ್ನೂ ಕಳಚಿ, ಹೊರಗಿನ ತಂತಿ ಮೊದಲು ಬಂದು ಸೇರುವ ರೋಸೆಟ್ ಡಬ್ಬಿಗೆ ಮೋಡೆಮ್ ಒಂದನ್ನೇ ಜೋಡಿಸಬೇಕು. ವೇಗ ಹೆಚ್ಚಿದರೆ ದೋಷ ಮನೆಯೊಳಗೇ ಇದೆ. ಒಳಕೋಣೆಗೆ ಎಳೆದ ಉದ್ದನೆಯ ತಂತಿ, ಕರೆಂಟಿನ ವೈರಿನ ಜೊತೆಗೇ ಗೋಡೆಯಲ್ಲಿ ಓಡುವ ಫೋನ್ ತಂತಿ, ಟ್ಯೂಬ್‌ಲೈಟಿನ ಚೋಕ್, ರೋಸೆಟ್‌ನೊಳಗೆ ಗೂಡು ಕಟ್ಟಿದ ಇರುವೆ, ಇವೆಲ್ಲ ಸಾಮಾನ್ಯ ಅಪರಾಧಿಗಳು. ಒಂದು ಎಚ್ಚರಿಕೆ: ಫೋನ್ ತಂತಿಯಲ್ಲಿ ಸದಾ ಸುಮಾರು 48 ವೋಲ್ಟ್ ಇರುತ್ತದೆ, ಗಂಟೆ ಬಾರಿಸುವಾಗ ಇನ್ನೂ ಹೆಚ್ಚು. ಒದ್ದೆ ಕೈಯಿಂದ ಮುಟ್ಟಬೇಡಿ. ಗುಡುಗು ಮಿಂಚಿನ ಹೊತ್ತಿನಲ್ಲಂತೂ ಆ ಕಡೆ ಕೈ ಹಾಕಬೇಡಿ; ಮಳೆ ಬರುವ ಮೊದಲೇ ತಂತಿ ಕಳಚಿಡಿ.

ಮೂರನೆಯ ಪರೀಕ್ಷೆ ಹೊತ್ತಿನದು. ಬೆಳಗಿನ ಜಾವ ಚುರುಕಾಗಿದ್ದು, ಸಂಜೆ ಮಾತ್ರ ಎಳೆದಾಡಿದರೆ ತಂತಿಯನ್ನು ಬಯ್ಯಬೇಡಿ. ಆಗ ಸೇವೆ ಕೊಡುವವರ ಕಡೆ ಜನಸಂದಣಿ. ಮಳೆ ಬಂದಾಗ ಕೆಟ್ಟು ಬಿಸಿಲು ಬಿದ್ದಾಗ ಸರಿಯಾದರೆ, ಹೊರಗಿನ ಕೇಬಲ್ಲಿನ ಜೋಡಣೆಗೆ ನೀರು ಸೇರಿದೆ. ಜೋರು ಮಳೆಯ ಕಾಸರಗೋಡು, ವಯನಾಡು, ನೀಲಗಿರಿಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಹೊರಗಿನದು ಲೈನ್‌ಮ್ಯಾನರ ಕೆಲಸ. ಮರದ ಕೊಂಬೆಗೆ ಉಜ್ಜುವ ಡ್ರಾಪ್ ವೈರ್, ಕಂಬದ ಡಿ.ಪಿ. ಡಬ್ಬಿ, ರಸ್ತೆ ಬದಿಯ ಪಿಲ್ಲರ್, ಅಲ್ಲಿಂದ ಎಕ್ಸ್‌ಚೇಂಜ್. ನೀವು ಕಂಬ ಹತ್ತಬೇಡಿ. ಎಕ್ಸ್‌ಚೇಂಜಿನ ಬಗ್ಗೆಯೂ ಒಂದು ಮಾತು. ಹಳ್ಳಿಗಳಿಗಾಗಿ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಪೋರ್ಟುಗಳ ಚಿಕ್ಕ ಎಕ್ಸ್‌ಚೇಂಜ್ ಮೊದಲು ಸ್ಥಾಪನೆಯಾದದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಇಂಥವು ಡಿಜಿಟಲ್ ಎಕ್ಸ್‌ಚೇಂಜ್‌ಗಳು. ಆದರೆ ಎಕ್ಸ್‌ಚೇಂಜಿನಿಂದ ಪಟ್ಟಣಕ್ಕೆ ಹೋಗುವ ದಾರಿ ಹಳೆಯ ಅನಲಾಗ್ ರೀತಿಯದಾಗಿದ್ದರೆ, 56ರ ಮೋಡೆಮ್ ಕೂಡ 33.6ಕ್ಕಿಂತ ಮೇಲೇರುವಂತಿರಲಿಲ್ಲ. ಅಂಥ ಊರಿನಲ್ಲಿ ಮೋಡೆಮ್ ಬದಲಿಸಿದವರ ಹಣ ನಷ್ಟವೇ ಹೊರತು ವೇಗ ಬರಲಿಲ್ಲ.

ಗಡಿಯಲ್ಲಿರುವ ನಮಗೆ ಇನ್ನೊಂದು ಕಷ್ಟ. ದೂರು ಕೊಡಬೇಕಾದದ್ದು ಮಲಯಾಳದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ. ಮನೆಯ ಹಿರಿಯರು ಅರೆಬರೆ ಮಾತಿನಲ್ಲಿ "ನೆಟ್ ಬರುವುದಿಲ್ಲ" ಎಂದರೆ, ಆ ಕಡೆಯವರು "ನೋಡೋಣ" ಎಂದು ಮುಗಿಸುತ್ತಾರೆ. ಇದಕ್ಕೆ ಉಪಾಯವಿದೆ. ರೋಸೆಟ್, ಡ್ರಾಪ್ ವೈರ್, ಡಿ.ಪಿ., ಪಿಲ್ಲರ್, ಈ ಹೆಸರುಗಳು ಗಡಿಯ ಎರಡೂ ಕಡೆ ಒಂದೇ. ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಹೊತ್ತಿನಲ್ಲಿ ಕೆಡುತ್ತದೆ, ಎಂಥ ಸದ್ದು, ಎಷ್ಟು ವೇಗ, ಮನೆಯ ಫೋನುಗಳನ್ನೆಲ್ಲ ಕಳಚಿ ನೋಡಿದ್ದೀರಾ. ಈ ನಾಲ್ಕನ್ನು ಹೇಳಿದವರ ದೂರನ್ನು ತಳ್ಳಿಹಾಕುವುದು ಸುಲಭವಲ್ಲ. ಎರಡು ಭಾಷೆ ಬಲ್ಲ ಮಕ್ಕಳು ಹಿರಿಯರ ಜೊತೆ ನಿಂತು ಇದನ್ನು ಹೇಳಿಕೊಟ್ಟರೆ ಅದೊಂದು ಒಳ್ಳೆಯ ಸೇವೆ.

ನಿಧಾನದ ತಂತಿಯಿಂದ ನಮ್ಮ ಭಾಷೆಗಾದ ನಷ್ಟವನ್ನೂ ಇಲ್ಲಿ ನೆನೆಯಬೇಕು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸದೊಂದಿಗೆ ಬಂದಿತು. ಅದಕ್ಕೆ ಮೊದಲು ಕನ್ನಡ ಪುಟ ಓದಬೇಕಾದರೆ ಫಾಂಟ್ ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು, ಇಲ್ಲವೇ ಇಡೀ ಪುಟ ಚಿತ್ರವಾಗಿ ಬರುತ್ತಿತ್ತು. ಚಿತ್ರದ ಭಾರ ಅಕ್ಷರದ ಭಾರಕ್ಕಿಂತ ಎಷ್ಟೋ ಪಾಲು ಹೆಚ್ಚು. ಇಂಗ್ಲಿಷ್ ಪುಟ ತೆರೆದು ಮುಗಿಯುವ ಹೊತ್ತಿಗೆ ಕನ್ನಡದ ಪುಟ ಅರ್ಧವೂ ಇಳಿಯುತ್ತಿರಲಿಲ್ಲ. ಕರ್ನಾಟಕದ ಹೊರಗಿದ್ದು ಕನ್ನಡಕ್ಕಾಗಿ ಹಂಬಲಿಸುವವರಿಗೇ ತಂತಿ ಚೆನ್ನಾಗಿರಬೇಕಾದ ಅಗತ್ಯ ಹೆಚ್ಚಾಗಿತ್ತು.

2005ರಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಬಂದಿತು. ಅದೂ ಇದೇ ತಾಮ್ರದ ತಂತಿಯ ಮೇಲೆ. ಎಕ್ಸ್‌ಚೇಂಜ್ ದೂರವಾದಷ್ಟೂ ಅದರ ವೇಗ ಇಳಿಯುತ್ತದೆ; ಫೋನಿಗೆ ಫಿಲ್ಟರ್ ಹಾಕದಿದ್ದರೆ ತೊಂದರೆ. ತಾಮ್ರ ಉಳಿದಿರುವ ಮನೆಗಳಲ್ಲಿ ದೋಷಗಳೂ ಅವೇ, ಹುಡುಕುವ ಕ್ರಮವೂ ಅದೇ. ಫೈಬರ್ ಬಂದಿರುವ ಮನೆಯಲ್ಲೂ ಮೊದಲು ವೈ-ಫೈ ಬಿಟ್ಟು, ಕಂಪ್ಯೂಟರನ್ನು ಕೇಬಲ್ಲಿನಿಂದ ನೇರವಾಗಿ ಜೋಡಿಸಿ ನೋಡಿ. ಒಂದೊಂದನ್ನೇ ಬೇರ್ಪಡಿಸಿ, ಒಳಗಿನಿಂದ ಹೊರಗೆ ಹೋಗಿ. ದೂರು ಕೊಡುವ ಮೊದಲು ತಿಳಿದುಕೊಳ್ಳಿ; ತಿಳಿದುಕೊಂಡ ಮೇಲೆ ದೂರು ಕೊಡಲು ಹಿಂಜರಿಯಬೇಡಿ.